ಮಲಿಕಾಳ ಎಡ ಮುಂಗಾಲು

ಶಿವಾಜಿನಗರದ ಮೀನು ಮಾರ್ಕೆಟ್ಟಿನ ಪಕ್ಕದ ರಸ್ತೆಯಲ್ಲಿ ನಾನು ಓಡಾಡುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನಿಂದ ಬಸ್ ಸ್ಟ್ಯಾಂಡಿಗೆ ಅದೇ ಹತ್ತಿರ ಅಂತ ಗೊತ್ತಿದ್ದೂ ಸುತ್ತು ಹಾಕಿಕೊಂಡು ಬರುತ್ತೇನೆ. ಯಾಕೆ ಅಂತ ಕೇಳಿದವರಿಗೆ, ನಮ್ಮನೇಲಿ ತಿನ್ನಲ್ಲ, ವಾಸನೆ ತಡೆಯೋಕಾಗಲ್ಲ ಅಂತೀನಿ. ಅದು ಅರ್ಧ ನಿಜ. ಮೊನ್ನೆ ಆ ಸುತ್ತುದಾರಿ ಅಗೆದು ಹಾಕಿದ್ದರು, ಬೇರೆ ದಾರಿ ಇರಲಿಲ್ಲ. ಸೀರೆಗೆ ಫಾಲ್ಸ್ ಹಾಕೋಕೆ ಕೊಟ್ಟು ಬರುತ್ತಿದ್ದೆ. ಲಾರಿಯಿಂದ ಐಸಿನ ದಿಂಡು ಇಳಿಸಿ, ಒದ್ದೆ ಗೋಣಿಚೀಲದ ಮೇಲಿಟ್ಟು ಸಲಾಕೆಯಿಂದ ಒಡೆಯುತ್ತಿದ್ದರು. ಒಂದು ಚೂರು ಹಾರಿ ಬಂದು ನನ್ನ ಕಾಲ್ಬೆರಳ ಸಂದಿಗೆ ಬಿತ್ತು. ನಿನ್ನೆಯ ಮೀನು, ಕರಗಿದ ಐಸು, ನೆಂದ ಗೋಣಿ, ಮೂರೂ ಸೇರಿದ ಆ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವನು "ನಡೀರಿ ಮೇಡಂ, ದಾರೀಲಿ ನಿಂತ್ರೆ ಹೆಂಗೆ" ಅಂದ. ಆ ವಾಸನೆಗೆ ಎಲ್ಲರಿಗೂ ಮೀನು ನೆನಪಾಗುತ್ತದೆ, ನನಗೆ ಕುದುರೆ ನೆನಪಾಗುತ್ತದೆ.

ತೊಂಬತ್ತೇಳನೇ ಇಸವಿಯ ಮಾತು. ನನಗೆ ಆಗ ಇಪ್ಪತ್ತೇಳು. ಜೀವನ್ ಬಿಮಾ ನಗರದಲ್ಲಿ ಅಪ್ಪ ಬಿಟ್ಟುಹೋದ ಎರಡು ರೂಮಿನ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ಒಂದು ವಿಮೆ ಕಚೇರಿಯ ಕ್ಲೇಮ್ ಸೆಕ್ಷನ್ನಿನಲ್ಲಿ ನನಗೆ ಕೆಲಸ. ಲಾರಿ ಗುದ್ದಿತು, ಅಂಗಡಿ ಸುಟ್ಟಿತು, ಎಮ್ಮೆ ಸತ್ತಿತು ಅಂತ ಜನ ಬರೆದುಕೊಡುವ ಅರ್ಜಿಗಳಲ್ಲಿ ಸುಳ್ಳು ಯಾವುದು ಅಂತ ಹುಡುಕುವುದು. ಅದರಲ್ಲಿ ನಾನು ಗಟ್ಟಿಗಿತ್ತಿ. "ಸರೋಜಾ ಕಣ್ಣಿಗೆ ಬಿದ್ರೆ ಮುಗೀತು" ಅಂತ ಸೆಕ್ಷನ್ನಿನವರು ಅನ್ನುತ್ತಿದ್ದರು. ನನ್ನ ಮುಂದೆ ಹೊಗಳಿ, ಹಿಂದೆ ರಾಕ್ಷಸಿ ಅಂತಿದ್ದರು ಅನ್ನೋದೂ ಗೊತ್ತಿತ್ತು.

ಬೆಳಗಿನ ಬಸ್ಸು ಹಲಸೂರು ಕೆರೆ ಪಕ್ಕ ಬರುವಾಗ ಒಂದೊಂದು ದಿನ ಐದಾರು ಕುದುರೆ ಸಾಲಾಗಿ ರಸ್ತೆ ದಾಟುತ್ತಿದ್ದವು. ಬಸ್ಸು ನಿಲ್ಲುತ್ತಿತ್ತು. ಕುದುರೆಯ ಮೇಲೆ ಕೂತವರು ನಮ್ಮ ಕಿಟಕಿಗಿಂತ ಎತ್ತರದಲ್ಲಿ, ನಮ್ಮ ಕಡೆ ನೋಡದೆ ಹೋಗುತ್ತಿದ್ದರು. ಪ್ರಾಣಿ ಅಂದ್ರೆ ನನಗೆ ಪ್ರೀತಿ ಅಂತೆಲ್ಲ ಇಲ್ಲಿ ಬರೆದು ಒಳ್ಳೆಯವಳಾಗಲ್ಲ. ನನಗೆ ಅಷ್ಟು ಎತ್ತರದಲ್ಲಿ ಕೂತು ಬಸ್ಸು ನಿಲ್ಲಿಸಬೇಕು ಅನ್ನಿಸಿತ್ತು, ಅಷ್ಟೇ. ಜೂನ್ ತಿಂಗಳ ಒಂದು ಭಾನುವಾರ ವಿಚಾರಿಸಿಕೊಂಡು ಹೋಗಿ ಸೇರಿಯೇಬಿಟ್ಟೆ. "ಕುದುರೆ ಹತ್ತಿ ಯಾವ ದಂಡಿಗೆ ಹೋಗ್ಬೇಕಮ್ಮ ನೀನು?" ಅಂತ ಅಮ್ಮ ಕೇಳಿದಳು. "ಕಾಲು ಮುರ್ಕೊಂಡ್ರೆ ಯಾವನು ಕಟ್ಕೋತಾನೆ?"

ಕೆರೆ ದಾಟಿ, ಮಿಲಿಟರಿಯವರ ಉದ್ದದ ಗೋಡೆಗೆ ಬೆನ್ನು ಕೊಟ್ಟುಕೊಂಡು ಆ ಲಾಯ ಇತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು. ಹೆಂಚಿನ ಮಾಡು, ಎಂಟು ಕುದುರೆ, ಮುಂದೆ ಮರಳು ಹಾಕಿದ ಒಂದು ಅಂಗಳ. ನಡೆಸುತ್ತಿದ್ದವರು ರಿಟೈರ್ ಆದ ಒಬ್ಬ ಮೇಜರ್. ಎಂಟೂ ಕುದುರೆ ರೇಸಿನಲ್ಲಿ ಓಡಿ, ಸೋತು, ಅಗ್ಗಕ್ಕೆ ಬಂದವು. ರೇಸಿಗೆ ಆಗದ್ದು ನಮ್ಮಂಥವರಿಗೆ, ನಮಗೂ ಆಗದ್ದು ಮದುವೆ ಮೆರವಣಿಗೆಗೆ, ಅಲ್ಲಿಗೂ ಆಗದ್ದು ಇಟ್ಟಿಗೆ ಗಾಡಿಗೆ. ಅದರ ಆಚೆಗೆ ಏನು ಅಂತ ಯಾರೂ ಕೇಳುತ್ತಿರಲಿಲ್ಲ. ಒಂದು ಕುದುರೆ ಎಲ್ಲಿಯವರೆಗೆ ಮೇಜರ್ ಹತ್ತಿರ ಉಳಿಯುತ್ತೆ ಅನ್ನೋದು ಅದರ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಹುಳುಕಿಲ್ಲದ ನಾಲ್ಕು ಕಾಲಿದ್ದರೆ ಹುರುಳಿ, ಬೂಸಾ, ನೆರಳು. ಮೂರೇ ಆದರೆ ವ್ಯಾಪಾರಿಗೆ ಫೋನು.

ಕುದುರೆ ನೋಡಿಕೊಳ್ಳುವವರನ್ನು ಅಲ್ಲಿ ಸೈಸ್ ಅನ್ನುತ್ತಿದ್ದರು. ಇದ್ದ ಮೂರು ಜನರಲ್ಲಿ ಹಿರಿಯರು ಗೌಸ್ ಭಾಯ್. ಐವತ್ತು ದಾಟಿದ್ದ ಒಣಕಲು ಮನುಷ್ಯ. ಹೆಂಡತಿ ತೀರಿಹೋಗಿದ್ದಳು, ಮಗಳನ್ನು ಕೋಲಾರದ ಕಡೆಗೆ ಕೊಟ್ಟಿದ್ದರು, ಲಾಯದ ಮೂಲೆಯ ರೂಮೇ ಮನೆ. ಕುದುರೆಗಳ ಜೊತೆ ದಖನಿಯಲ್ಲಿ, ಮೇಜರ್ ಜೊತೆ ಇಂಗ್ಲಿಷಿನ ನಾಲ್ಕು ಪದದಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಮೊದಲ ದಿನವೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸರೋಜಮ್ಮಂಗೆ ಮಲಿಕಾ ಸರಿ. ದೊಡ್ಡ ಬೆನ್ನು" ಅಂದರು. ನನ್ನ ತೂಕಕ್ಕೆ ಹೇಳಿದ್ದು. ನಾನು ಆಗಲೂ ತೆಳ್ಳಗೇನೂ ಇರಲಿಲ್ಲ.

ಮಲಿಕಾ ಬೂದುಬಿಳಿ ಹೆಣ್ಣು ಕುದುರೆ, ಒಂಬತ್ತು ವರ್ಷ. ಸಾಧು. ಆ ಸಾಧುತನವನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಕಲಿಯುವವರು ಎಲ್ಲರೂ ಮಾಡುವ ತಪ್ಪು, ಬೀಳುತ್ತೀನಿ ಅನ್ನಿಸಿದಾಗ ಲಗಾಮು ಹಿಡಿದು ಜಗ್ಗುವುದು. ಲಗಾಮು ಅಂದ್ರೆ ಅದರ ಇನ್ನೊಂದು ತುದಿ ಕುದುರೆಯ ಬಾಯೊಳಗಿನ ಕಬ್ಬಿಣ. ಜುಲೈ ತಿಂಗಳಿಡೀ ನಾನು ಅವಳ ಬಾಯಿಗೆ ಜೋತುಬಿದ್ದು ಕಲಿತೆ. ತುಟಿಯ ಎರಡೂ ಕೊನೆ ಸೀಳಿ ಕೆಂಪಗಾಗುತ್ತಿತ್ತು. ಗೌಸ್ ಭಾಯ್ ಮಾತಿಲ್ಲದೆ ತುಪ್ಪ ಸವರುತ್ತಿದ್ದರು. ಒಂದು ದಿನ ಮಾತ್ರ, "ನಿಮ್ಮ ಬಾಯಿಗೆ ಒಂದು ಚಮಚ ಅಡ್ಡ ಇಟ್ಕೊಂಡು, ಇಬ್ಬರ ಕೈಗೆ ದಾರ ಕೊಟ್ಟು ನೋಡಿ ಅಮ್ಮ" ಅಂದರು. ನನಗೆ ಸಿಟ್ಟು ಬಂತು. ದುಡ್ಡು ಕೊಟ್ಟು ಕಲಿಯುತ್ತಿರುವವಳು ನಾನು, ಇವರ ಹತ್ತಿರ ಬುದ್ಧಿ ಹೇಳಿಸಿಕೊಳ್ಳಬೇಕಾ ಅನ್ನಿಸಿತು. ಮಾರನೇ ದಿನ ಬೇಕಂತಲೇ ಅವರ ಜೊತೆ ಮಾತಾಡಲಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಯಾರು ಕುದುರೆಯಿಂದ ಬೀಳುತ್ತಾರೋ ಅವರು ವಾರದೊಳಗೆ ಒಂದು ಕೇಜಿ ಮಿಠಾಯಿ ತಂದು ಲಾಯದವರಿಗೆಲ್ಲ ಹಂಚಬೇಕು. ಕೈ ಮುರಿದರೂ ಸರಿ, ಪ್ಲಾಸ್ಟರ್ ಹಾಕಿಕೊಂಡೇ ತರಬೇಕು. ಆ ಮಳೆಗಾಲದಲ್ಲಿ ನಾನು ನಾಲ್ಕು ಸಲ ಬಿದ್ದೆ. ಒಂದು ಸಲ ಹೊಂಡದ ನೀರಿಗೆ, ಒಂದು ಸಲ ಲದ್ದಿ ಗುಡ್ಡೆಯ ಮೇಲೆ. ಹಲಸೂರು ಬಜಾರಿನ ಮಿಠಾಯಿ ಅಂಗಡಿಯವನು ನನ್ನನ್ನು ನೋಡಿದ ಕೂಡಲೇ ಮೈಸೂರು ಪಾಕಿನ ತಟ್ಟೆ ಎಳೆಯುವಂತಾಯಿತು. ಇಂದಿರಾನಗರದ ದೊಡ್ಡ ಮನೆಗಳಿಂದ ಕಾರಿನಲ್ಲಿ ಬರುತ್ತಿದ್ದ ಹುಡುಗಿಯರು ನನಗೆ ಮಿಠಾಯಿ ಮೇಡಂ ಅಂತ ಹೆಸರಿಟ್ಟರು. ಮೇಜರ್ ಕೂಡ ಹಾಗೇ ಕರೆಯೋಕೆ ಶುರು ಮಾಡಿದರು. "ಮಿಠಾಯಿ ಮೇಡಂ, ಕುದುರೆ ಮೇಲೆ ಕೂತಿದ್ದೀರೋ, ಸೋಫಾ ಮೇಲೋ?" ಎಲ್ಲರೂ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಆ ಹೆಸರು ತೊಳೆದುಕೊಳ್ಳದೆ ಇಲ್ಲಿಂದ ಹೋಗಲ್ಲ ಅಂತ ಹಟ ಹಿಡಿದೆ.

ಇನ್ನೊಂದು ಪದ್ಧತಿ, ಈ ಕಥೆಗೆ ಮುಖ್ಯವಾದದ್ದು. ದಿನಾ ಬೆಳಿಗ್ಗೆ ಜೀನು ಹಾಕುವ ಮೊದಲು ಪ್ರತಿ ಕುದುರೆಯ ಕಾಲು ಮುಟ್ಟಿ ನೋಡಬೇಕು. ಮೊಣಕಾಲಿನ ಕೆಳಗೆ, ಹಿಂಭಾಗದಲ್ಲಿ, ಹಗ್ಗದಂಥ ಒಂದು ನರ ಇರುತ್ತೆ. ಅದು ಉಳುಕಿದ್ದರೆ ಕುದುರೆ ಕುಂಟುವುದಕ್ಕೆ ಒಂದೆರಡು ದಿನ ಮೊದಲೇ ಆ ಜಾಗ ಬಿಸಿಯಾಗುತ್ತೆ. ಮುಟ್ಟುವುದು ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ, ಮಗುವಿಗೆ ಜ್ವರ ನೋಡಿದ ಹಾಗೆ. ಮೊದಲು ಗೌಸ್ ಭಾಯ್ ನೋಡುತ್ತಿದ್ದರು. ಆಮೇಲೆ ಮೇಜರ್ ಬಂದು ಪ್ರತಿ ಕುದುರೆಯ ಮುಂದೆ ನಿಂತು ಅವರ ಮುಖ ನೋಡುತ್ತಿದ್ದರು. "ಥಂಡಿ, ಸಾಬ್" ಅಂದರೆ ಅವರೂ ಒಂದು ಸಲ ಕೈ ತಾಗಿಸಿ ಮುಂದಕ್ಕೆ. "ಗರಂ" ಅಂದರೆ ಆ ಕುದುರೆ ಅವತ್ತು ಹೊರಗೆ ಬರುವ ಮಾತೇ ಇಲ್ಲ, ಯಾರು ಎಷ್ಟು ಬೇಡಿಕೊಂಡರೂ. ನನಗೂ ಗೌಸ್ ಭಾಯ್ ಅದನ್ನ ಕಲಿಸಿದರು. ನನ್ನ ಕೈ ಹಿಡಿದು ಎಂಟೂ ಕುದುರೆಗಳ ಮೂವತ್ತೆರಡು ಕಾಲು ಮುಟ್ಟಿಸಿದರು. ಅವರು ನನಗೆ ಕಲಿಸಿದ್ದರಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ಅಕ್ಟೋಬರ್ ಹೊತ್ತಿಗೆ ಏನಾಯಿತೋ, ಸರಿಯಾಗಿ ಕೂರೋಕೆ ಬಂತು. ಕೈ ಹಗುರವಾಯಿತು. ಮಲಿಕಾಳ ಬಾಯಿ ವಾಸಿಯಾಯಿತು. ಸಣ್ಣ ಸಣ್ಣ ಅಡ್ಡಗಂಬ ಹಾರಿಸಿದೆ. ಅವಳು ಹಾರುವ ಮುಂಚೆ ಕಿವಿ ಎರಡನ್ನೂ ಮುಂದಕ್ಕೆ ನಿಲ್ಲಿಸುತ್ತಿದ್ದಳು, ಆಮೇಲೆ ನೆಲ ಇಲ್ಲದ ಒಂದು ಕ್ಷಣ. ಆ ಕ್ಷಣಕ್ಕೆ ನಾನು ಆಫೀಸು, ಅಮ್ಮ, ಮದುವೆ ಎಲ್ಲ ಮರೆತುಬಿಡುತ್ತಿದ್ದೆ. ಸುಖ ಅಂದ್ರೆ ಸುಖ. ಡಿಸೆಂಬರಿನಲ್ಲಿ ಮಿಲಿಟರಿ ಮೈದಾನದಲ್ಲಿ ನಡೆಯುವ ಪಂದ್ಯಕ್ಕೆ, ಹೊಸಬರ ವಿಭಾಗದಲ್ಲಿ, ಮೇಜರ್ ನನ್ನ ಹೆಸರು ಬರೆದರು. ಎಂಟು ಜಂಪು. "ಬೀಳದೆ ಮುಗಿಸಿದ್ರೆ ಹೆಸರು ಬದಲಾಯಿಸ್ತೀನಿ" ಅಂದರು. ನಾನು ಸೆಕ್ಷನ್ನಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಹನ್ನೆರಡು ಜನ ಪುಳಿಯೋಗರೆ ಕಟ್ಟಿಕೊಂಡು ಬರುವುದು ಅಂತಾಯಿತು. ಅಮ್ಮ ಕೂಡ ಕೊನೆಗೆ, "ಆಯ್ತು, ಏನು ಕಡಿದು ಕಟ್ಟೆ ಹಾಕ್ತೀಯೋ ನೋಡೇಬಿಡ್ತೀನಿ" ಅಂದಳು.

ಪಂದ್ಯ ಭಾನುವಾರ. ಶನಿವಾರ ಸಂಜೆ ಅಭ್ಯಾಸ ಮುಗಿಸಿ ಇಳಿದು, ಮಾಮೂಲಿಯಂತೆ ಕೈ ತಿರುಗಿಸಿ ಕಾಲು ಮುಟ್ಟಿದೆ. ಎಡ ಮುಂಗಾಲು ಬೆಚ್ಚಗಿತ್ತು. ಬಲಗಾಲು ಮುಟ್ಟಿದೆ, ತಣ್ಣಗಿತ್ತು. ಮತ್ತೆ ಎಡಗಾಲು. ಅನುಮಾನವೇ ಇರಲಿಲ್ಲ. ತಲೆ ಎತ್ತಿದರೆ ಗೌಸ್ ಭಾಯ್ ನನ್ನ ಮುಖ ನೋಡುತ್ತಾ ನಿಂತಿದ್ದರು. ಕೂತು ತಾವೂ ಮುಟ್ಟಿ ನೋಡಿದರು.

"ನಕ್ಕೋ, ಬೇಡ ಸರೋಜಮ್ಮ. ನಾಳೆ ಇವಳಿಗೆ ಬೇಡ."

"ಸ್ವಲ್ಪಾನೇ ಅಲ್ವಾ ಗೌಸ್ ಭಾಯ್? ದಣಿವಿರಬೇಕು."

"ಸ್ವಲ್ಪ ಇದ್ದಾಗ ನಿಲ್ಲಿಸಿದ್ರೆ ಹದಿನೈದು ದಿನ. ನಾಳೆ ಹಾರಿಸಿದ್ರೆ ಜಿಂದಗಿ. ಮೇಜರ್ ಸಾಬ್‌ಗೆ ಹೇಳ್ತೀನಿ."

ನಾನು ಅವರ ಕೈ ಹಿಡಿದುಕೊಂಡೆ. ಹಿಡಿದವಳೇ ಅಲ್ಲ ಯಾವತ್ತೂ. ಈಗ ಹೇಳಬೇಡಿ, ಬೆಳಿಗ್ಗೆ ನೋಡೋಣ, ಬೆಳಿಗ್ಗೆಯೂ ಬಿಸಿ ಇದ್ದರೆ ನಾನೇ ಬೇಡ ಅಂತೀನಿ ಅಂತ ಬೇಡಿಕೊಂಡೆ. ಬೇರೆ ಕುದುರೆಗಳೆಲ್ಲ ಕಾರಿನ ಹುಡುಗಿಯರಿಗೆ ಹೋಗಿದ್ದವು, ಮಲಿಕಾ ಇಲ್ಲ ಅಂದ್ರೆ ನಾನಿಲ್ಲ. ಅವರು ಜೇಡಿಮಣ್ಣು ಕಲಸಿ ಕಾಲಿಗೆ ಮೆತ್ತಿ ಪಟ್ಟಿ ಸುತ್ತಿದರು. "ಬೆಳಿಗ್ಗೆ ನನ್ನ ಕೈ ಏನು ಹೇಳುತ್ತೋ ಅದೇ. ಆಮೇಲೆ ಅಳಬಾರದು" ಅಂದರು. ಆ ಮಣ್ಣು ಮೆತ್ತುವುದನ್ನು ಕಾರಿನ ಹುಡುಗಿಯರಲ್ಲಿ ಒಬ್ಬಳು ದೂರದಿಂದ ನೋಡಿದ್ದಳು.

ಗೌಸ್ ಭಾಯ್ ಬೆಳಿಗ್ಗೆ ಐದಕ್ಕೆ ನಮಾಜಿಗೆ ಹೋದರೆ ಆರು ಕಾಲಿಗೆ ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಕಾಲು ತಣ್ಣಗೆ ಮಾಡೋದು ಹೇಗೆ ಅಂತಾನೂ ಗೊತ್ತಿತ್ತು, ಅದಕ್ಕೇನು ಡಾಕ್ಟರ್ ಆಗಬೇಕಾ. ಮನೆಯ ಫ್ರಿಜ್ಜಿನಲ್ಲಿ ಎರಡು ಟ್ರೇ ಐಸು, ಅದು ಯಾವ ಮೂಲೆಗೆ? ಆ ಹೊತ್ತಿನಲ್ಲಿ ಬೆಂಗಳೂರಲ್ಲಿ ಗಡ್ಡೆಗಡ್ಡೆ ಐಸು ಸಿಗುವ ಜಾಗ ಒಂದೇ. ನಾಲ್ಕೂವರೆಗೆ ಮೊಪೆಡ್ ತಗೊಂಡು ಶಿವಾಜಿನಗರಕ್ಕೆ ಹೋದೆ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಮೀನು ಮಾರ್ಕೆಟ್ಟಿನೊಳಗೆ ನಡೆದೆ. ನೆಲವೆಲ್ಲ ಜಾರು. ಬುಟ್ಟಿಯ ಮುಂದೆ ಕೂತಿದ್ದ ಹೆಂಗಸಿಗೆ ಐಸು ಬೇಕು ಅಂದೆ. "ಮೀನ್ ವೇಂಡಾಮಾ? ಐಸ್ ಮಟ್ಟುಮಾ?" ಅಂತ ಅವಳು ಜೋರಾಗಿ ನಕ್ಕಳು. ಮೀನು ಬೇಡದೆ ಐಸು ಮಾತ್ರ ಕೇಳಿದ ಗಿರಾಕಿ ಅವಳಿಗೆ ನಾನೇ ಮೊದಲಿರಬೇಕು. ಬುಟ್ಟಿಯ ಅಡಿಯಿಂದ ಬಾಚಿ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಟ್ಟಳು.

ಲಾಯದಲ್ಲಿ ಇನ್ನಿಬ್ಬರು ಸೈಸ್‌ಗಳು ಆಚೆ ಕಡೆ ಹುರುಳಿ ಬೇಯಿಸುತ್ತಿದ್ದರು. ನಾನು ಪಟ್ಟಿ ಬಿಚ್ಚಿ, ಮಣ್ಣು ತೊಳೆದು, ಎರಡು ಬಕೀಟಿಗೆ ನೀರು ಐಸು ಹಾಕಿ ಮಲಿಕಾಳ ಎರಡೂ ಮುಂಗಾಲನ್ನು ಒಂದೊಂದರಲ್ಲಿ ನಿಲ್ಲಿಸಿದೆ. ಎಡಗಾಲೊಂದೇ ತಣ್ಣಗಿದ್ದರೆ ಅವರಿಗೆ ಗೊತ್ತಾಗಿಬಿಡುತ್ತೆ, ಅದಕ್ಕೆ ಎರಡೂ. ನಾನು ಹಿಡಿದ ಸುಳ್ಳು ಕ್ಲೇಮುಗಳಲ್ಲಿ ಅರ್ಧಕ್ಕರ್ಧ ಇಂಥದೊಂದು ಸಣ್ಣ ವಿಷಯ ಮರೆತು ಸಿಕ್ಕಿಬಿದ್ದವು. ನಾನು ಮರೆಯಲಿಲ್ಲ. ಅವಳು ಮೊದಲು ಕಾಲು ಎತ್ತೋಕೆ ನೋಡಿದಳು, ಬೈದು ಒತ್ತಿ ಹಿಡಿದೆ. ಆಮೇಲೆ ಸುಮ್ಮನಾದಳು. ಮುಕ್ಕಾಲು ಗಂಟೆ ಹಾಗೇ ನಿಂತಳು, ಮೈಯೆಲ್ಲ ನಡುಗುತ್ತಿತ್ತು. ನಡುಗುತ್ತಲೇ ಗದ್ದ ತಂದು ನನ್ನ ಹೆಗಲ ಮೇಲೆ ಇಟ್ಟಳು. ನಾನು ವಾಚು ನೋಡುತ್ತಿದ್ದೆ.

ಬಟ್ಟೆಯಿಂದ ಒರೆಸಿ, ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಬಕೀಟು ತೊಳೆದು ಕವುಚಿ ಹಾಕುವ ಹೊತ್ತಿಗೆ ಗೌಸ್ ಭಾಯ್ ಬಂದರು. ಪಟ್ಟಿ ಯಾಕೆ ಬಿಚ್ಚಿದ್ರಿ ಅಂತ ಗದರಿದರು. ಪಂದ್ಯದ ದಿನ ಸವಾರಿ ಮಾಡುವವರೇ ಕುದುರೆ ತೊಳೆಯುವುದು ರೂಢಿ, ತೊಳೆದೆ ಅಂದೆ. ಅವರು ಕುಕ್ಕರುಗಾಲಲ್ಲಿ ಕೂತು ಕೈ ತಿರುಗಿಸಿ ಎಡಗಾಲು ಮುಟ್ಟಿದರು, ಬಲಗಾಲು ಮುಟ್ಟಿದರು, ಮತ್ತೆ ಎಡಗಾಲು. ಅವರ ಮುಖ ಅರಳಿತು. "ಮಣ್ಣು ಕೆಲಸ ಮಾಡ್ತು ನೋಡಿ. ನನ್ನ ತಂದೆ ಕಲಿಸಿದ್ದು" ಅಂದರು. ಮೇಜರ್ ಬಂದಾಗ, ನಾನು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ, "ಥಂಡಿ, ಸಾಬ್" ಅಂದರು.

ಮೈದಾನದಲ್ಲಿ ಚಳಿ ಬಿಸಿಲು. ಸೆಕ್ಷನ್ನಿನವರು ಶಾಮಿಯಾನದ ಕೆಳಗೆ ಸಾಲಾಗಿ ಕೂತಿದ್ದರು, ಮಧ್ಯೆ ಅಮ್ಮ. ಒಂದು, ಎರಡು, ಮೂರು, ನಾಲ್ಕು, ಕಂಬಕ್ಕೆ ಗೊರಸು ತಾಗದ ಹಾಗೆ ಹಾರಿದಳು. ಐದನೆಯದಕ್ಕೆ ಹೋಗುವಾಗ ಕಿವಿ ಮುಂದೆ ಮಾಡಲಿಲ್ಲ. ಹಿಂದಕ್ಕೆ ಒರಗಿದ್ದವು. ಅವಳು ಬೇಡ ಅನ್ನುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಸುಳ್ಳು ಹೇಳಲ್ಲ, ಚೆನ್ನಾಗಿ ತಿಳಿಯಿತು. ಹಿಮ್ಮಡಿಯಿಂದ ಗುದ್ದಿ, ಚಾಟಿಯಿಂದ ಒಂದು ಕೊಟ್ಟೆ. ಹಾರಿದಳು. ಆಚೆ ಕಡೆ ಎಡಗಾಲು ನೆಲಕ್ಕೆ ತಾಗಿದಾಗ ಒದ್ದೆ ಬಟ್ಟೆ ಹರಿದಂಥ ಸದ್ದು ಬಂತು. ಅವಳ ಕುತ್ತಿಗೆ ಮೇಲಿಂದ ನಾನು ಮುಂದೆ ಹೋಗಿ ಬಿದ್ದೆ. ನಮ್ಮ ಸೆಕ್ಷನ್ನಿನವರಿಗೆ ಅದೂ ಆಟದ ಭಾಗ ಅನ್ನಿಸಿತೋ ಏನೋ, ಎದ್ದು ನಿಂತು ಚಪ್ಪಾಳೆ ಹೊಡೆದರು.

ಮಲಿಕಾ ಮೂರು ಕಾಲಿನ ಮೇಲೆ ನಿಂತಿದ್ದಳು. ಓಡಿಹೋಗಲಿಲ್ಲ, ನನಗೋಸ್ಕರ ಕಾಯುವವಳ ಹಾಗೆ ಅಲ್ಲೇ ನಿಂತಿದ್ದಳು. ಗೌಸ್ ಭಾಯ್ ಓಡಿ ಬಂದು ಅವಳ ಕಾಲ ಹತ್ತಿರ ಕೂತರು. ಹಿಂದೆಯೇ ಮೇಜರ್. ಗೌಸ್ ಭಾಯ್ ಅವರ ಕೈ ಮೇಲಿಂದ ಕೆಳಗೆ ಸವರಿಕೊಂಡು ಬಂದು ಗೊರಸಿನ ಮೇಲಿನ ಕೂದಲ ಹತ್ತಿರ ನಿಂತಿತು. ಅಲ್ಲಿಂದ ಏನೋ ಕಿತ್ತರು. ಉಗುರಿನಷ್ಟಗಲದ, ಬಿಸಿಲಿಗೆ ಹೊಳೆಯುವ ಒಂದು ಮೀನಿನ ಹುರುಪೆ. ಬೆರಳಿನ ತುದಿಯಲ್ಲಿಟ್ಟು ನೋಡಿದರು. ಮೂಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಬೈಗುಳ, ಸಿಟ್ಟು ಏನೂ ಇರಲಿಲ್ಲ ಆ ಮುಖದಲ್ಲಿ, ಲೆಕ್ಕ ಬರದ ಮಗುವನ್ನ ನೋಡುವ ಮೇಷ್ಟರ ಹಾಗೆ ನೋಡಿದರು. ಹುರುಪೆಯನ್ನು ಷರ್ಟಿನ ಜೇಬಿಗೆ ಹಾಕಿಕೊಂಡರು. ಪಕ್ಕದಲ್ಲೇ ನಿಂತಿದ್ದ ಮೇಜರ್‌ಗೆ ಕಾಣಿಸಲೇ ಇಲ್ಲ.

ಮೇಜರ್ ಅವತ್ತೇ ಸಂಜೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಕೇಳಿದರು. ಕಾರಿನ ಹುಡುಗಿ ಮುಂದೆ ಬಂದು, ನಿನ್ನೆ ಸಂಜೆ ಗೌಸ್ ಆ ಕಾಲಿಗೆ ಮಣ್ಣು ಮೆತ್ತುತ್ತಿದ್ದ ಅಂದಳು. "ನಿನ್ನೆ ಬಿಸಿ ಇತ್ತಾ?" "ಇತ್ತು ಸಾಬ್." "ನನಗೆ ಯಾಕೆ ಹೇಳಲಿಲ್ಲ?" ಗೌಸ್ ಭಾಯ್ ನೆಲ ನೋಡಿದರು. "ಬೆಳಿಗ್ಗೆ ಥಂಡಿ ಅಂದೆಯಲ್ಲ, ಕೈ ಇಟ್ಟೆಯಾ ಇಲ್ವಾ?" "ಇಟ್ಟೆ ಸಾಬ್. ಥಂಡಿ ಇತ್ತು." "ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀಯ. ಹರಿದುಹೋಗುವ ಕಾಲು ಥಂಡಿ ಇತ್ತಾ?" ಕುದುರೆ ಹಾಳು ಮಾಡಿದ ಸೈಸ್ ನನಗೆ ಬೇಡ, ಮೂರು ದಿನದಲ್ಲಿ ರೂಮು ಖಾಲಿ ಮಾಡು ಅಂದರು ಮೇಜರ್. ನಾನು ಐದು ಅಡಿ ದೂರದಲ್ಲಿ, ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದೆ. ಎಲ್ಲರೂ ನನ್ನನ್ನು ಪಾಪ ಅಂತ ನೋಡಿದರು. ಒಬ್ಬಳು ನೀರು ತಂದುಕೊಟ್ಟಳು, ಕುಡಿದೆ.

ಮೂರನೇ ದಿನ, ಬುಧವಾರ, ಆಫೀಸಿಗೆ ರಜ ಹಾಕಿ ಹೋದೆ. ಹೇಳಿಬಿಡಬೇಕು ಅಂತಲೇ ಹೋದದ್ದು, ದೇವರಾಣೆ. ಬರಿಗೈಲಿ ಹೋಗೋಕೆ ಧೈರ್ಯವಿಲ್ಲದೆ ಮೈಸೂರು ಪಾಕಿನ ಡಬ್ಬಿ ಕೊಂಡೆ. ಬಿದ್ದಿದ್ದೆನಲ್ಲ, ಪದ್ಧತಿ. ಗೌಸ್ ಭಾಯ್ ರೂಮಿನ ಮುಂದೆ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಹಗ್ಗ ಬಿಗಿದ ಹಾಸಿಗೆ ಸುರುಳಿ, ಒಂದು ಟ್ರಂಕು. ನಾನು ಅವರನ್ನು ದಾಟಿಕೊಂಡು ಮೇಜರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಬಾಯಿ ತೆರೆಯುವ ಮುಂಚೆ ಮೇಜರ್, "ಸರೋಜಾ, ನಿಂದೇನೂ ತಪ್ಪಿಲ್ಲ. ನಾಲ್ಕು ಜಂಪು ಚೆನ್ನಾಗಿ ಕೂತಿದ್ದೆ. ಮುಂದಿನ ವರ್ಷ ಒಳ್ಳೇ ಕುದುರೆ ಕೊಡ್ತೀನಿ" ಅಂದರು. ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದರು. ಐದು ನಿಮಿಷ ಅದೂ ಇದೂ ಮಾತಾಡಿ, ಒಂದು ತುಂಡು ಮೈಸೂರು ಪಾಕು ಅವರ ಕೈಗಿಟ್ಟು ಹೊರಗೆ ಬಂದೆ.

ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಸುರುಳಿ ಇಲ್ಲ. ರೂಮಿನ ಬಾಗಿಲು ತೆಗೆದಿತ್ತು, ಒಳಗೆ ಮಂಚದ ಮೇಲೆ ಹಾಸಿಗೆ ಬಿಚ್ಚಿ ಹಾಸಿದ್ದರು. ಹಗ್ಗ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸದ್ಯ, ಮೇಜರ್ ಬೆಳಿಗ್ಗೆಯೇ ಮನಸ್ಸು ಬದಲಾಯಿಸಿರಬೇಕು, ಇನ್ನು ನಾನು ಹೇಳಿ ಆಗಬೇಕಾದ್ದೇನಿದೆ ಅನ್ನಿಸಿತು. ಡಬ್ಬಿ ತೆಗೆದು ಅವರ ಮುಂದೆ ಹಿಡಿದೆ. ಎರಡು ತುಂಡು ತಗೊಂಡರು. ಕಣ್ಣಲ್ಲಿ ನೀರಿತ್ತು. "ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರಲಿ ಸರೋಜಮ್ಮ" ಅಂದರು. ಮಿಠಾಯಿಗೆ ಇಷ್ಟೊಂದಾ ಅಂದುಕೊಂಡು ಮನೆಗೆ ಹೋದೆ. ಮುಂದಿನ ಭಾನುವಾರ ಹೋದಾಗ ಅವರೂ ಇರಲಿಲ್ಲ, ಮಲಿಕಾಳೂ ಇರಲಿಲ್ಲ. ಮದುವೆ ಕುದುರೆಯವನು ಬಂದು ಒಯ್ದ ಅಂದರು. ನಾನು ಆಮೇಲೆ ಆ ಕಡೆ ಹೋಗಲಿಲ್ಲ. ಆಫೀಸಿನಲ್ಲಿ, ಮೊಣಕೈ ನೋವು, ಡಾಕ್ಟರ್ ಬೇಡ ಅಂದ್ರು ಅಂತ ಹೇಳಿದೆ. ಎಲ್ಲರೂ ನಂಬಿದರು.

ಆರು ವರ್ಷದ ನಂತರ ಸುಟ್ಟುಹೋದ ಒಂದು ಗೋಡೌನಿನ ಕ್ಲೇಮು ನೋಡೋಕೆ ಕೃಷ್ಣರಾಜಪುರಕ್ಕೆ ಹೋಗಿದ್ದೆ. ಕರೆಂಟಿನಿಂದ ಸುಟ್ಟಿತು ಅಂತ ಅವನು ಬರೆದಿದ್ದ, ಮೂಲೆಯಲ್ಲಿ ಬೂದಿ ಮೂಸಿದೆ, ಸೀಮೆಎಣ್ಣೆ ನಾತ. ಮುಗಿಸಿಕೊಂಡು ನಾಲ್ಕು ಗಂಟೆಗೆ ಹಳೇ ಮದ್ರಾಸ್ ರಸ್ತೆಗೆ ಬಂದರೆ, ರೈಲ್ವೆ ಸ್ಟೇಷನ್ನಿನ ಹತ್ತಿರ ಟ್ರಾಫಿಕ್ಕಿನ ಮಧ್ಯೆ ಒಂದು ಮದುವೆ ಮೆರವಣಿಗೆ ಸಿಕ್ಕಿಹಾಕಿಕೊಂಡಿತ್ತು. ಜರಿ ಬಟ್ಟೆ ಹೊದಿಸಿದ ಬಿಳಿ ಕುದುರೆಯ ಮೇಲೆ ದಪ್ಪನೆಯ ಮದುಮಗ. ಲಗಾಮು ಹಿಡಿದು ನಿಂತಿದ್ದವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಗೌಸ್ ಭಾಯ್" ಅಂದೆ. ತಿರುಗಿ ನೋಡಿದರು. "ಸರೋಜಮ್ಮ. ದಪ್ಪ ಆಗಿದ್ದೀರಿ" ಅಂದರು, ನಿನ್ನೆ ನೋಡಿದವರ ಹಾಗೆ.

"ಇದು ಮಲಿಕಾ ಅಲ್ವಾ?"

"ಅವಳೇ. ಇವಳನ್ನ ತಗೊಂಡವನ ಹತ್ರಾನೇ ಹೋಗಿ ಕೆಲಸ ಕೇಳಿದೆ. ನನಗೂ ಬೇರೆ ಕಡೆ ಯಾರು ಕೊಡ್ತಿದ್ರು? ಕಾಲು ನೋಡೋಕೆ ಬರದವನು ಅಂತ ಸುದ್ದಿ ಆಗಿತ್ತಲ್ಲ." ಜರಿ ಬಟ್ಟೆ ಪಕ್ಕಕ್ಕೆ ಸರಿಸಿದರು. "ಕೈ ಇಟ್ಟು ನೋಡಿ."

"ಬೇಡ ಗೌಸ್ ಭಾಯ್."

"ನೋಡಿ ಅಮ್ಮ. ನಿಮಗೆ ಕಲಿಸಿದ್ದೀನಿ."

ಸೀರೆ ಮಡಿಚಿಕೊಂಡು ರಸ್ತೆಯಲ್ಲೇ ಕೂತು ಕೈ ತಿರುಗಿಸಿ ಮುಟ್ಟಿದೆ. ಹಗ್ಗದಂಥ ನರ ಈಗ ಗಂಟುಗಂಟಾಗಿ ಊದಿಕೊಂಡಿತ್ತು. ಸುಡುತ್ತಿತ್ತು. "ಬಿಸಿ ಇದೆ" ಅಂದೆ.

"ನಡೆಸಿದ ದಿನವೆಲ್ಲ ಹಿಂಗೇ. ರಾತ್ರಿ ಮಣ್ಣು ಹಾಕ್ತೀನಿ." ಅವರು ಬಟ್ಟೆ ಸರಿಮಾಡಿದರು.

ನಾನು ಕೇಳಿಯೇಬಿಟ್ಟೆ. "ಅವತ್ತು ಯಾಕೆ ಹೇಳ್ಲಿಲ್ಲ ನೀವು? ಮೀನಿನ ಹುರುಪೆ ನಿಮ್ಮ ಜೇಬಲ್ಲೇ ಇತ್ತಲ್ಲ."

"ನಾನು ಹೇಳಿದ್ರೆ ಕೆಲಸ ಉಳಿಸ್ಕೊಳ್ಳೋಕೆ ಹೇಳ್ದ ಅಂತಿದ್ರು. ನೀವು ಹೇಳಿದ್ರೆ ಮಾತು ಬೇರೆ. ಹೇಳ್ತೀರಿ ಅಂತ ಕಾದೆ. ಬುಧವಾರ ಹೇಳಿದ್ರಿ ಅಂತಾನೇ ಅನ್ಕೊಂಡೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ರಜ ಹಾಕಿ ಬಂದಿದ್ರಿ. ಮೇಜರ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರಿ. ಇನ್ನೇನಿರುತ್ತೆ ಅಂತ, ಕಟ್ಟಿದ್ದ ಹಾಸಿಗೆ ಬಿಚ್ಚಿ ಹಾಸಿದೆ. ನೀವು ಆಚೆ ಬಂದು ಮಿಠಾಯಿ ಕೊಟ್ರಿ, ಖುಷಿ ಮಿಠಾಯಿ ಅಂತ ತಿಂದೆ."

ಮುಂದೆ ಬಸ್ಸು ಸರಿದು ದಾರಿಯಾಯಿತು. ಬ್ಯಾಂಡಿನವರು ಶುರು ಮಾಡಿದರು. ಗೌಸ್ ಭಾಯ್ ನಾಲಿಗೆಯಿಂದ ಟಕ್ ಅಂತ ಸದ್ದು ಮಾಡಿದಾಗ ಮಲಿಕಾ ಹೆಜ್ಜೆ ಎತ್ತಿದಳು, ಎಡಗಾಲು ಊರಿದಾಗಲೆಲ್ಲ ಅವಳ ತಲೆ ಮೇಲಕ್ಕೆ ಎಗರುತ್ತಿತ್ತು.

"ಅವತ್ತು ಸಂಜೆ ಮೇಜರ್ ಬಂದು, ಇನ್ನೂ ಇಲ್ಲೇ ಇದ್ದೀಯಾ ಅಂದ್ರು" ಅಂದರು ಗೌಸ್ ಭಾಯ್, ನಡೆಯುತ್ತಲೇ. "ಹಾಸಿಗೆ ಮತ್ತೆ ಸುತ್ತಿ ಕಟ್ಟಿದೆ."

ನಾನು ಬಸ್ ಹತ್ತಿ ಆಫೀಸಿಗೆ ಹೋದೆ. ಗೋಡೌನಿನವನ ಫೈಲು ತೆಗೆದು, ಅರ್ಜಿದಾರರು ಸುಳ್ಳು ಹೇಳಿದ್ದಾರೆ, ತಿರಸ್ಕರಿಸಬಹುದು ಅಂತ ಬರೆದು ಕೆಳಗೆ ಸಹಿ ಹಾಕಿದೆ.